ಗಣಕದ ಪಾಠಶಾಲೆಯಲ್ಲಿ ಹೊಸ ಅಧ್ಯಾಪಕರು

ಕಾಲೇಜಿಗೆ ಹೊಸದಾಗಿ ನೇಮಕಗೊಂಡು ಬಂದ ಅಧ್ಯಾಪಕರ ಕೈಗೆ ಹಿಂದೆಲ್ಲ ಮೂರು ವಸ್ತುಗಳು ಬರುತ್ತಿದ್ದುವು: ಒಂದು ಹಾಜರಿ ಪುಸ್ತಕ, ಒಂದು ವೇಳಾಪಟ್ಟಿ, ಒಂದು ಪೆಟ್ಟಿಗೆ ಸೀಮೆಸುಣ್ಣ. ಈಚೆಗೆ ಇವುಗಳೊಡನೆ ನಾಲ್ಕನೆಯದೊಂದು ಸೇರಿದೆ. ಅದು ಮುಟ್ಟಿ ನೋಡುವ ವಸ್ತುವಲ್ಲ. ಒಂದು ಹೆಸರು, ಒಂದು ಗುಪ್ತಪದ, ಅಷ್ಟೆ. ಇವೆರಡನ್ನೂ ಗಣಕಯಂತ್ರಕ್ಕೆ ಒಪ್ಪಿಸಿದರೆ ಆ ಅಧ್ಯಾಪಕರ ವಿಷಯಕ್ಕೆಂದೇ ಮೀಸಲಾದ ಪುಟವೊಂದು ತೆರೆಯುತ್ತದೆ. ಅಲ್ಲಿ ಪಾಠದ ಟಿಪ್ಪಣಿಗಳನ್ನು ಇಡಬಹುದು, ವೀಡಿಯೊ ಪಾಠಗಳನ್ನು ಸೇರಿಸಬಹುದು, ಪ್ರಶ್ನೆ ಕೇಳಬಹುದು, ಉತ್ತರ ಪಡೆಯಬಹುದು, ಅಂಕ ಹಾಕಬಹುದು. ಯಾರು ಯಾವ ದಿನ ಬಂದು ಏನನ್ನು ತೆರೆದರೆಂಬ ಲೆಕ್ಕವನ್ನೂ ನೋಡಬಹುದು. ಇದಕ್ಕೆ ಕಲಿಕಾ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಬಳಕೆಯಲ್ಲಿ ಎಲ್.ಎಮ್.ಎಸ್. ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಈ ಹೆಸರು ನಮಗೆ ಅಷ್ಟಾಗಿ ರುಚಿಸದು. ಹಸುವನ್ನು ಕಟ್ಟಬಹುದು, ಮೇವು ಹಾಕಬಹುದು, ಹಾಲನ್ನು ಅಳೆಯಬಹುದು. ಮೆಲುಕು ಹಾಕುವ ಕೆಲಸವನ್ನು ಮಾತ್ರ ಹಸುವೇ ಮಾಡಬೇಕು. ಕಲಿಕೆಯನ್ನು ‘ನಿರ್ವಹಿಸುತ್ತೇವೆ’ ಎನ್ನುವವರು ಈ ವ್ಯತ್ಯಾಸವನ್ನು ಮರೆತಂತೆ ತೋರುತ್ತದೆ. ಇರಲಿ, ಹೆಸರಿನ ಜಗಳ ಇಲ್ಲಿ ಬೇಡ. ವಸ್ತುವಂತೂ ನಮ್ಮ ನಡುವೆ ಬಂದು ನೆಲೆಸಿದೆ. ಅದನ್ನು ಹೊಸ ಅಧ್ಯಾಪಕರು ಮೊದಲ ತಿಂಗಳಲ್ಲಿ ಹೇಗೆ ಕೈಗೆತ್ತಿಕೊಳ್ಳಬೇಕು ಎಂಬುದೇ ಇಲ್ಲಿ ನಮ್ಮ ವಿಚಾರ. ಇದು ಅಧ್ಯಾಪಕರ ವಿಷಯವಾಯಿತು, ವಿದ್ಯಾರ್ಥಿಗಳು ಓದುವ ಪತ್ರಿಕೆಯಲ್ಲಿ ಇದೇಕೆ ಎಂದು ವಾಚಕರು ಕೇಳಬಹುದು. ಪುಟವನ್ನು ಕಟ್ಟುವವರು ಅಧ್ಯಾಪಕರಾದರೂ ತೆರೆಯುವವರು ವಿದ್ಯಾರ್ಥಿಗಳೇ. ಅಡುಗೆ ಹೇಗಿರಬೇಕೆಂಬ ವಿಷಯದಲ್ಲಿ ಉಣ್ಣುವವರಿಗೂ ಒಂದು ಮಾತಿನ ಅಧಿಕಾರವುಂಟು.

ನಮ್ಮ ರಾಜ್ಯದಲ್ಲಿ ಈ ಏರ್ಪಾಡು ದೊಡ್ಡ ಪ್ರಮಾಣದಲ್ಲಿ ಬಂದುದು 2021ರ ಆರಂಭದಲ್ಲಿ. 2020ರ ಮಾರ್ಚಿಯಲ್ಲಿ ಕೋವಿಡ್ ರೋಗದ ಕಾರಣದಿಂದ ಕಾಲೇಜುಗಳ ಬಾಗಿಲು ಮುಚ್ಚಿ, ಮಲೆನಾಡಿನ ಮಕ್ಕಳು ಫೋನಿನ ಸಂಕೇತವನ್ನು ಹುಡುಕಿಕೊಂಡು ಗುಡ್ಡ ಹತ್ತಿದ ಕಾಲ ಅದು. ಸರ್ಕಾರ ಆಗ ಜಾರಿಗೆ ತಂದ ಕರ್ನಾಟಕ ಎಲ್.ಎಮ್.ಎಸ್. ಯೋಜನೆಯ ವ್ಯಾಪ್ತಿಗೆ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, 87 ಪಾಲಿಟೆಕ್ನಿಕ್‌ಗಳು ಮತ್ತು 14 ಇಂಜಿನಿಯರಿಂಗ್ ಕಾಲೇಜುಗಳು ಸೇರಿದುವು. ಸುಮಾರು 24,000 ಅಧ್ಯಾಪಕರು, ನಾಲ್ಕೂವರೆ ಲಕ್ಷ ವಿದ್ಯಾರ್ಥಿಗಳು ಎಂದು ಆಗ ಪ್ರಕಟವಾದ ಲೆಕ್ಕ. ಅದೇ ವರ್ಷ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಗಣಕಗಳನ್ನು ಹಂಚಲು ತೊಡಗಿದರು. ಅನಂತರ ಹೊಸ ಅಧ್ಯಾಪಕರ ಒಂದು ತಂಡವೇ ಕಾಲೇಜುಗಳ ಕಡೆಗೆ ಹೊರಟಿತು: 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗಳಿಗೆ 2022ರ ಮಾರ್ಚಿಯಲ್ಲಿ ಸ್ಪರ್ಧಾ ಪರೀಕ್ಷೆ ನಡೆಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಕ್ಕೆ ವಿಷಯಜ್ಞಾನ ಬೇಕು. ಆದರೆ ಐವತ್ತು ಮಂದಿಯ ಮುಂದೆ ನಿಲ್ಲುವುದೂ, ಆ ಐವತ್ತು ಮಂದಿ ಕಾಣದಿರುವ ಪುಟವೊಂದರಲ್ಲಿ ಅವರೊಡನೆ ಮಾತನಾಡುವುದೂ ಬೇರೆ ಬೇರೆ ವಿದ್ಯೆಗಳು. ಇವು ಪ್ರಶ್ನಪತ್ರಿಕೆಯಿಂದ ಬರುವಂಥವಲ್ಲ.

ನೆಲಮಂಗಲವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೆಂಗಳೂರಿನ ವಾಯವ್ಯಕ್ಕೆ, ತುಮಕೂರಿನ ರಸ್ತೆಯೂ ಹಾಸನ ಮಂಗಳೂರಿನ ರಸ್ತೆಯೂ ಕವಲೊಡೆಯುವ ಊರು. ಒಂದು ಕಡೆ ರಾಜಧಾನಿ ಬೆಳೆಯುತ್ತ ಬೆಳೆಯುತ್ತ ಊರಿನ ಅಂಚನ್ನು ಮುಟ್ಟಿದೆ. ಇನ್ನೊಂದು ಕಡೆ ದಾಬಸ್‌ಪೇಟೆ, ತ್ಯಾಮಗೊಂಡ್ಲುಗಳ ಸುತ್ತ ರಾಗಿಯ ಹೊಲಗಳೂ ಅವುಗಳ ನಡುವೆ ಕಾರ್ಖಾನೆಗಳೂ ಇವೆ. ಇಂಥ ಊರಿನ ಸರ್ಕಾರಿ ಕಾಲೇಜಿನ ಒಂದೇ ಬೆಂಚಿನಲ್ಲಿ, ಅಂತರಜಾಲದ ತಂತಿ ಮನೆಗೇ ಬಂದಿರುವ ವಿದ್ಯಾರ್ಥಿಯೂ, ಮನೆಮಂದಿಗೆಲ್ಲ ಒಂದೇ ಫೋನು ಇದ್ದು ಅದೂ ರಾತ್ರಿ ಊಟದ ಮೇಲೆ ಮಾತ್ರ ಕೈಗೆ ಸಿಕ್ಕುವ ವಿದ್ಯಾರ್ಥಿಯೂ ಕುಳಿತಿರಬಹುದು. ಹೊಸ ಅಧ್ಯಾಪಕರು ಕಟ್ಟುವ ಪುಟ ಇಬ್ಬರಿಗೂ ಸಲ್ಲಬೇಕು. ಬೆಂಗಳೂರಿನ ದೊಡ್ಡ ಖಾಸಗಿ ಕಾಲೇಜೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಲಹೆಗಳು ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರವು.

ಈಗ ಸಾಮಾನ್ಯವಾಗಿ ನಡೆಯುವುದೇನು? ಅಧ್ಯಾಪಕರಿಗೆ ಗುಪ್ತಪದ ಬರುತ್ತದೆ. ಇಂತಿಷ್ಟು ದಿನದೊಳಗೆ ಇಂತಿಷ್ಟು ಪಾಠಗಳನ್ನು ಏರಿಸಿರಬೇಕೆಂದು ಸೂಚನೆಯೂ ಬರುತ್ತದೆ. ಆಗ ಅವರು ತಮ್ಮಲ್ಲಿರುವ ಟಿಪ್ಪಣಿಗಳನ್ನೆಲ್ಲ ಒಂದು ಕಡೆಯಿಂದ ಏರಿಸುತ್ತ ಹೋಗುತ್ತಾರೆ. ಪಠ್ಯಪುಸ್ತಕದ ಪುಟಗಳ ಛಾಯಾಚಿತ್ರ, ಯಾರೋ ಮಾಡಿದ ಚಿತ್ರಪಟಗಳ ಸರಣಿ, ಮುಕ್ಕಾಲು ಗಂಟೆಯ ಉಪನ್ಯಾಸದ ವೀಡಿಯೊ. ಹದಿನೈದು ದಿನಗಳಲ್ಲಿ ಪುಟ ತುಂಬುತ್ತದೆ. ವಿದ್ಯಾರ್ಥಿಗಳು ಒಮ್ಮೆ ಇಣಿಕಿ, ಪರೀಕ್ಷೆಯ ಹಿಂದಿನ ವಾರ ನೋಡಿದರಾಯಿತೆಂದು ಮುಚ್ಚುತ್ತಾರೆ. ವ್ಯವಸ್ಥೆ ಜಾರಿಗೆ ಬಂದಿತೆಂದು ವರದಿ ಹೋಗುತ್ತದೆ. ವರದಿ ಸುಳ್ಳೇನೂ ಅಲ್ಲ. ಆದರೆ ಪಾಠಶಾಲೆಯ ಬದಲು ಅಲ್ಲಿ ಒಂದು ಕಪಾಟು ನಿಂತಿದೆ.

ನಮ್ಮ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹೊಸ ಅಧ್ಯಾಪಕರು ಟಿಪ್ಪಣಿಗಳಿಂದ ಪ್ರಾರಂಭಿಸಲೇಬಾರದು. ಒಂದು ಪ್ರಶ್ನೆಯಿಂದ ಪ್ರಾರಂಭಿಸಬೇಕು. ಈ ಯಂತ್ರದ ಹೆಚ್ಚಳವಿರುವುದು ಅದು ಕೊಡುವುದರಲ್ಲಿ ಅಲ್ಲ, ಹಿಂದಕ್ಕೆ ತರುವುದರಲ್ಲಿ. ಇದನ್ನು ತಿಳಿಯುವುದಕ್ಕೆ ಸ್ವಲ್ಪ ಚರಿತ್ರೆ ನೆರವಾಗುತ್ತದೆ.

ದೂರದಲ್ಲಿರುವವರಿಗೆ ಯಂತ್ರದ ಮೂಲಕ ಕಲಿಸುವ ಆಸೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿ ಬೆಳೆದುದು ಅಲ್ಲಿ. ಕಾಲೇಜಿನ ಮೇಷ್ಟರೊಬ್ಬರು ಹೊಸ ಉಪಕರಣವನ್ನು ಕಂಡು ಹೆದರದೆ ಮನೆಯೊಳಕ್ಕೇ ತಂದುಕೊಂಡ ಈ ಪ್ರಸಂಗ ಇಂದಿನ ಹೊಸ ಅಧ್ಯಾಪಕರಿಗೆ ಧೈರ್ಯ ಕೊಡತಕ್ಕದ್ದು. ಆದರೆ ಬಾನುಲಿಯಲ್ಲಿ ಮಾತು ಒಂದೇ ಕಡೆಗೆ ಹರಿಯುತ್ತದೆ. ಕೇಳಿದವನಿಗೆ ಅರ್ಥವಾಯಿತೆ ಎಂಬುದು ಹೇಳಿದವರಿಗೆ ತಿಳಿಯದು.

1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗ ಇನ್ನೂ ದೊಡ್ಡದು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಎರಡು ಸಾವಿರಕ್ಕೂ ಮಿಕ್ಕ ಹಳ್ಳಿಗಳಿಗೆ ಪಾಠವನ್ನೂ ಬೇಸಾಯದ ತಿಳಿವಳಿಕೆಯನ್ನೂ ದೂರದರ್ಶನದಲ್ಲಿ ಬಿತ್ತರಿಸಿದರು. ಆಗಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದುವು, ಕನ್ನಡದಲ್ಲಿಯೂ ಕಾರ್ಯಕ್ರಮಗಳಿದ್ದುವು. ಮೂರು ಮೀಟರು ಅಗಲದ, ಕೋಳಿಗೂಡಿನ ಜಾಲರಿಯಿಂದ ಮಾಡಿದ ಬೋಗುಣಿಯಂಥ ಆಂಟೆನಾ ಆಕಾಶದಿಂದ ಚಿತ್ರವನ್ನು ಇಳಿಸುತ್ತಿತ್ತು. ಆ ಕಾಲಕ್ಕೆ ಅದೊಂದು ಅದ್ಭುತ. ಆದರೂ ಹಳ್ಳಿಯ ಹುಡುಗಿಗೆ ಸಂದೇಹ ಬಂದರೆ ಅದನ್ನು ಆ ಆಂಟೆನಾ ಮೇಲಕ್ಕೆ ಕಳಿಸಲಾರದು.

2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ‘ಎಡುಸ್ಯಾಟ್’ ಉಪಗ್ರಹವನ್ನು ಹಾರಿಸಿದ ಮೇಲೆ ಈ ಕೊರತೆ ಸ್ವಲ್ಪ ನೀಗಿತು. ಅದರ ಪೂರ್ವಪ್ರಯೋಗ ನಡೆದ ಸ್ಥಳಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿಯೇ ಕುಳಿತು ಪಾಠ ಕೇಳಬಹುದಾಗಿತ್ತು, ತಿರುಗಿ ಪ್ರಶ್ನಿಸಲೂಬಹುದಾಗಿತ್ತು. ಆದರೆ ನೂರು ಕಡೆ ಒಂದೇ ಹೊತ್ತಿಗೆ ಪಾಠ ನಡೆಯುವಾಗ, ಗಂಟೆಯೊಂದರಲ್ಲಿ ಎಷ್ಟು ಮಂದಿ ಪ್ರಶ್ನೆ ಕೇಳಿಯಾರು? ಹಿಂದಿನ ಬೆಂಚಿನವರು ಅಲ್ಲಿಯೂ ಹಿಂದಿನ ಬೆಂಚಿನವರೇ.

ಇದಕ್ಕೆ ಹೋಲಿಸಿದರೆ ಆಸ್ಟ್ರೇಲಿಯದ ಒಂದು ಹಳೆಯ ಏರ್ಪಾಡು ಸರಳವಾಗಿದ್ದರೂ ಮರ್ಮವನ್ನು ಚೆನ್ನಾಗಿ ಹಿಡಿದಿತ್ತು. ಆ ದೇಶದ ಒಳನಾಡಿನಲ್ಲಿ ಮನೆಯಿಂದ ಮನೆಗೆ ನೂರಾರು ಮೈಲಿ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಿಂದ ‘ಗಾಳಿಯ ಪಾಠಶಾಲೆ’ ಪ್ರಾರಂಭವಾಯಿತು. ಹಾರುವ ವೈದ್ಯರ ಸೇವೆಗಾಗಿ ಮನೆಮನೆಗಳಲ್ಲಿ ಇದ್ದ ಬಾನುಲಿ ಯಂತ್ರಗಳು ಕೇಳಲೂ ಬರುತ್ತಿದ್ದುವು, ಮಾತನಾಡಲೂ ಬರುತ್ತಿದ್ದುವು. ಆದುದರಿಂದ ಮಕ್ಕಳು ಉಪಾಧ್ಯಾಯಿನಿಗೆ ಉತ್ತರ ಕೊಡುತ್ತಿದ್ದರು. ಮುಂದೆ ಪಶ್ಚಿಮ ಆಸ್ಟ್ರೇಲಿಯದ ಒಳನಾಡಿನಲ್ಲಿ ಇಂಥದೇ ಗಾಳಿಯ ಪಾಠಶಾಲೆಯಲ್ಲಿ ಕಲಿತ ಹುಡುಗನೊಬ್ಬ ದೊಡ್ಡವನಾಗಿ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದ. ಮಾರ್ಟಿನ್ ಡೂಗಿಯಾಮಾಸ್ ಎಂಬುದು ಅವರ ಹೆಸರು. ಅವರು 2002ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿದ ‘ಮೂಡಲ್’ ಎಂಬ ತಂತ್ರಾಂಶ ಇಂದು ಜಗತ್ತಿನಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಕಲಿಕಾ ನಿರ್ವಹಣಾ ವ್ಯವಸ್ಥೆಗಳಲ್ಲಿ ಒಂದು. ಬೆಲೆ ಕೊಡದೆ ಯಾವ ಕಾಲೇಜಾದರೂ ಅದನ್ನು ಸ್ಥಾಪಿಸಿಕೊಳ್ಳಬಹುದು. ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳಿಂದ ಆದ ಪದವಾದರೂ ಕನ್ನಡದ ಕಿವಿಗೆ ಸೂರ್ಯ ಹುಟ್ಟುವ ದಿಕ್ಕಿನ ನೆನಪು ತರುತ್ತದೆ. ಅದು ನಮಗೊಂದು ಸಣ್ಣ ಸಂತೋಷ.

ಗಣಕವನ್ನೇ ಗುರುವನ್ನಾಗಿ ಮಾಡುವ ಯತ್ನ ಇದಕ್ಕೂ ಹಿಂದಿನದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ 1960ರಲ್ಲಿಯೇ ‘ಪ್ಲೇಟೊ’ ಎಂಬ ವ್ಯವಸ್ಥೆಯನ್ನು ನಡೆಸಿ ತೋರಿಸಿದ್ದರು. ವಿದ್ಯಾರ್ಥಿ ಗುಂಡಿ ಒತ್ತಿ ಉತ್ತರ ಕೊಟ್ಟರೆ ಯಂತ್ರ ಸರಿಯೋ ತಪ್ಪೋ ಹೇಳುತ್ತಿತ್ತು. ಇಂದಿನ ಎಲ್.ಎಮ್.ಎಸ್. ಆ ವಂಶದ ಕುಡಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹೊತ್ತಿನಲ್ಲಿ, ಯಾರ ನಗುವಿಗೂ ಹೆದರದೆ, ಉತ್ತರವನ್ನೋ ಸಂದೇಹವನ್ನೋ ಹಿಂದಕ್ಕೆ ಕಳಿಸಲು ಒಂದು ದಾರಿ ಇದೆ. ಬಾನುಲಿಗೂ ಉಪಗ್ರಹಕ್ಕೂ ಇಲ್ಲದ ಈ ಮರುದಾರಿಯನ್ನು ಬಿಟ್ಟು, ಟಿಪ್ಪಣಿ ಹಂಚುವುದಕ್ಕೆ ಮಾತ್ರ ಇದನ್ನು ಬಳಸುವುದು ಬಾವಿ ತೋಡಿಸಿ ಅದರೊಳಕ್ಕೆ ಹೊರಗಿನ ನೀರು ಸುರಿದಂತೆ.

ಪ್ರಶ್ನೆಯಿಂದ ಪ್ರಾರಂಭಿಸಬೇಕೆಂಬುದಕ್ಕೆ ಮನಶ್ಶಾಸ್ತ್ರದ ಆಧಾರವೂ ಇದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗವನ್ನು ಓದಲು ಕೊಟ್ಟರು. ಒಂದು ಭಾಗವನ್ನು ಎರಡು ಸಲ ಓದಿಸಿದರು; ಇನ್ನೊಂದನ್ನು ಒಮ್ಮೆ ಓದಿಸಿ, ಅನಂತರ ಪುಸ್ತಕ ನೋಡದೆ ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ಮೇಲೆ ಪರೀಕ್ಷಿಸಿದಾಗ ಎರಡು ಸಲ ಓದಿದ್ದುದರಲ್ಲಿ ನೂರಕ್ಕೆ 81 ಪಾಲು, ನೆನಪಿನಿಂದ ಬರೆದಿದ್ದುದರಲ್ಲಿ 75 ಪಾಲು ಉಳಿದಿತ್ತು. ಓದಿದ್ದೇ ಮೇಲು ಎನ್ನಿಸುವಂತಿದೆ, ಅಲ್ಲವೆ? ಒಂದು ವಾರದ ಅನಂತರ ಲೆಕ್ಕ ತಲೆಕೆಳಗಾಯಿತು. ಎರಡು ಸಲ ಓದಿದ್ದುದರಲ್ಲಿ 42 ಪಾಲು ಮಾತ್ರ ಉಳಿದಿತ್ತು. ನೆನಪಿನಿಂದ ಬರೆದಿದ್ದುದರಲ್ಲಿ 56. ನೆನಪಿನಿಂದ ಎಳೆದು ತೆಗೆಯುವ ಶ್ರಮವೇ ನೆನಪನ್ನು ಗಟ್ಟಿಮಾಡುತ್ತದೆ ಎಂದು ಇದರ ಅಭಿಪ್ರಾಯ. ನಮ್ಮ ಹಿರಿಯರು ಮಗ್ಗಿಯನ್ನು ಒಪ್ಪಿಸುವಂತೆ ಹೇಳುತ್ತಿದ್ದರೇ ಹೊರತು, ಇನ್ನೊಮ್ಮೆ ನೋಡು ಎನ್ನುತ್ತಿರಲಿಲ್ಲ. ಮಗ್ಗಿಯ ಹೆಸರೆತ್ತಿದ ಕೂಡಲೆ ಬಾಯಿಪಾಠದ ಪರವಾಗಿ ವಾದಿಸುತ್ತಿದ್ದೇವೆಂದು ಯಾರೂ ಭಾವಿಸಬೇಕಾಗಿಲ್ಲ. ಎಳೆದು ತೆಗೆಯುವ ಕೆಲಸ ಅರ್ಥಕ್ಕೂ ಅನ್ವಯಿಸುತ್ತದೆ.

ಹಾಗಾದರೆ ಎಂಥ ಪ್ರಶ್ನೆ? ನೆಲಮಂಗಲ ತಾಲ್ಲೂಕಿನಲ್ಲಿಯೇ ಒಂದು ಸಿದ್ಧವಾಗಿದೆ. ದಾಬಸ್‌ಪೇಟೆಯ ಬಳಿಯ ಶಿವಗಂಗೆಯ ಬೆಟ್ಟದಲ್ಲಿ ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿದರೆ ಅದು ಬೆಣ್ಣೆಯಾಗುತ್ತದೆಂಬ ನಂಬಿಕೆ ತಲೆತಲಾಂತರದಿಂದ ಬಂದಿದೆ. ಆ ಸೀಮೆಯ ವಿದ್ಯಾರ್ಥಿಗಳಲ್ಲಿ ಇದನ್ನು ಕೇಳದವರು ಅಪರೂಪ. ರಸಾಯನಶಾಸ್ತ್ರದ ಹೊಸ ಅಧ್ಯಾಪಕರು ತಮ್ಮ ಪುಟದಲ್ಲಿ ಮೊದಲ ದಿನ ಹೀಗೆ ಬರೆಯಬಹುದು: “ತುಪ್ಪಕ್ಕೂ ಬೆಣ್ಣೆಗೂ ರಸಾಯನ ದೃಷ್ಟಿಯಿಂದ ವ್ಯತ್ಯಾಸವೇನು? ತುಪ್ಪ ಬೆಣ್ಣೆಯಂತಾಗಬೇಕಾದರೆ ಅದಕ್ಕೆ ಏನು ಸೇರಬೇಕು? ಪುಸ್ತಕ ನೋಡದೆ ಐದು ಸಾಲು ಬರೆಯಿರಿ. ತಪ್ಪಾದರೆ ಅಂಕ ಕಳೆಯುವುದಿಲ್ಲ.”

ಉತ್ತರಗಳು ಬಂದಾಗ ನೋಡಿರಿ. ಕೆಲವರು ಬೆಣ್ಣೆ ಕಾಯಿಸಿದರೆ ತುಪ್ಪ, ತುಪ್ಪ ಆರಿದರೆ ಬೆಣ್ಣೆ ಎಂದು ಬರೆದಾರು. ಕೆಲವರು ತುಪ್ಪ ಗಟ್ಟಿಯಾಗುವುದನ್ನೂ ಬೆಣ್ಣೆಯಾಗುವುದನ್ನೂ ಒಂದೇ ಎಂದಾರು. ಮನೆಯಲ್ಲಿ ಬೆಣ್ಣೆ ಕಾಯಿಸುವುದನ್ನು ಕಂಡವಳೊಬ್ಬಳು, ಕಾಯಿಸುವಾಗ ಚಟಪಟನೆ ಸಿಡಿಯುವುದು ನೀರು ಎಂದು ಬರೆದಾಳು. ಅವಳೇ ದಾರಿ ಹಿಡಿದವಳು. ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲಿನಷ್ಟು ಕೊಬ್ಬು. ಉಳಿದುದರಲ್ಲಿ ಹೆಚ್ಚು ಪಾಲು ನೀರು, ಕೊಬ್ಬಿನ ನಡುವೆ ಕಣ್ಣಿಗೆ ಕಾಣದ ಹನಿಗಳಾಗಿ ಹಂಚಿಹೋಗಿರುತ್ತದೆ. ಬೆಳಕು ಆ ಹನಿಗಳಿಗೆ ತಾಗಿ ಚದರುವುದೂ ಬೆಣ್ಣೆಯ ಬೆಳ್ಳನೆಯ ಬಣ್ಣಕ್ಕೆ ಒಂದು ಕಾರಣ. ತುಪ್ಪದಲ್ಲಿ ನೀರು ಇಲ್ಲವೆನ್ನುವಷ್ಟು ಕಡಮೆ. ತುಪ್ಪವನ್ನು ನೀರಿನೊಡನೆ ಮತ್ತೆ ಮತ್ತೆ ಉಜ್ಜಿದರೆ ಅದು ಬೆಳ್ಳಗೆ ಮೆತ್ತಗೆ ಆಗುತ್ತದೆಂಬುದನ್ನು ಆಯುರ್ವೇದದವರು ಬಲ್ಲರು. ನೂರು ಸಲ ತೊಳೆದ ತುಪ್ಪಕ್ಕೆ ಶತಧೌತಘೃತವೆಂದೇ ಹೆಸರಿಟ್ಟಿದ್ದಾರೆ. ತಣ್ಣನೆಯ ಒದ್ದೆ ಕಲ್ಲು, ಉಜ್ಜುವ ಕೈ, ತುಪ್ಪ: ಇವುಗಳಿಂದ ಏನಾಗಬಹುದೆಂದು ಊಹಿಸಿ, ಆ ಊಹೆಯನ್ನು ಮನೆಯ ಅಡುಗೆಮನೆಯಲ್ಲಿ ಹೇಗೆ ಪರೀಕ್ಷಿಸಬಹುದೆಂದು ಮರುದಿನದ ತರಗತಿಯಲ್ಲಿ ಚರ್ಚಿಸಬಹುದು. ಭಕ್ತಿಗೆ ಇದರಿಂದ ಕುಂದೇನೂ ಇಲ್ಲ. ಎಮಲ್ಷನ್ ಎಂಬ ಅಧ್ಯಾಯವಂತೂ ಯಾರಿಗೂ ಮರೆಯದು.

ಇಲ್ಲಿ ಯಂತ್ರ ಮಾಡಿದ ಕೆಲಸ ಎಷ್ಟು? ಪಾಠಕ್ಕೆ ಮುಂಚೆಯೇ, ಮೂವತ್ತು ತಲೆಗಳಲ್ಲಿ ಇದ್ದ ಮೂವತ್ತು ಚಿತ್ರಗಳನ್ನು ಅಧ್ಯಾಪಕರ ಮುಂದೆ ತಂದಿಟ್ಟಿತು. ಕೈ ಎತ್ತಲು ಸಂಕೋಚಪಡುವವರ ಚಿತ್ರಗಳೂ ಅದರಲ್ಲಿವೆ. ಮಾರನೆಯ ದಿನ ಅಧ್ಯಾಪಕರು ಎಲ್ಲಿಂದ ಪ್ರಾರಂಭಿಸಬೇಕೆಂಬುದು ಅವರಿಗೆ ಗೊತ್ತು. ಇಷ್ಟಾದರೆ ಸಾಕು, ಮೊದಲ ತಿಂಗಳಿಗೆ. ವಾರಕ್ಕೊಂದು ಪ್ರಶ್ನೆ, ಪ್ರತಿಯೊಂದು ಉತ್ತರಕ್ಕೂ ಅಧ್ಯಾಪಕರಿಂದ ಒಂದು ಸಾಲು ಮರುಮಾತು. ಟಿಪ್ಪಣಿಗಳು ನಿಧಾನವಾಗಿ ಬರಲಿ; ಪ್ರಶ್ನೆಗಳೇ ಯಾವ ಟಿಪ್ಪಣಿ ಬೇಕೆಂಬುದನ್ನು ತೋರಿಸಿಕೊಡುತ್ತವೆ.

ಈಗಿನ ಕಾಲದಲ್ಲಿ ಇದಕ್ಕೊಂದು ಆಕ್ಷೇಪವುಂಟು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಐದು ಸಾಲಿನ ಉತ್ತರವನ್ನು ಯಂತ್ರದಿಂದಲೇ ಬರೆಯಿಸಿ ಕಳಿಸುವುದು ಸುಲಭವಾಗಿದೆ. ನಿಜ. ಅಂಕದ ಆಸೆಯೂ ಭಯವೂ ಇದ್ದ ಕಡೆ ಅದು ನಡೆದೇ ನಡೆಯುತ್ತದೆ. ಆದುದರಿಂದಲೇ ಮೊದಲ ಪ್ರಶ್ನೆಗಳಿಗೆ ಅಂಕ ಇಡಬಾರದೆನ್ನುತ್ತೇವೆ. ಮರುದಿನ ಇಬ್ಬರನ್ನು ಎಬ್ಬಿಸಿ, ನಿಮ್ಮ ಉತ್ತರವನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದರೆ ಎರವಲು ಯಾವುದು, ಸ್ವಂತದ್ದು ಯಾವುದು ಎಂಬುದು ತಾನಾಗಿ ತಿಳಿಯುತ್ತದೆ. ವಿದ್ಯಾರ್ಥಿ ಮಿತ್ರರಲ್ಲಿಯೂ ಒಂದು ಮಾತು: ತಪ್ಪು ಉತ್ತರ ನಿಮ್ಮದೇ ಆಗಿದ್ದರೆ ಅಧ್ಯಾಪಕರಿಗೆ ಅದರಿಂದ ಉಪಯೋಗವುಂಟು, ಎರವಲು ತಂದ ಸರಿಯುತ್ತರದಿಂದ ಏನೂ ಇಲ್ಲ.

ಇನ್ನು ಕೆಲವು ವ್ಯಾವಹಾರಿಕ ತೊಡಕುಗಳು. ಮೊದಲನೆಯದು ಗಾತ್ರ. ಗಣಕದ ಇಂದಿನ ರೂಢಿಯ ಸಂಕೇತದಲ್ಲಿ ಒಂದು ಕನ್ನಡ ಸಂಕೇತಾಕ್ಷರಕ್ಕೆ ಮೂರು ಬೈಟುಗಳು ಬೇಕು. ಒಂದು ಪುಟದಲ್ಲಿ ಸಾವಿರದ ಐನೂರು ಸಂಕೇತಗಳಿದ್ದರೆ ಒಟ್ಟು ನಾಲ್ಕೂವರೆ ಸಾವಿರ ಬೈಟು. ಅದೇ ಪುಟವನ್ನು ಫೋನಿನಲ್ಲಿ ಛಾಯಾಚಿತ್ರ ತೆಗೆದು ಏರಿಸಿದರೆ ಮೂವತ್ತು ಲಕ್ಷ ಬೈಟು, ಅಂದರೆ ಆರುನೂರು ಪಟ್ಟಿಗೂ ಹೆಚ್ಚು. ಹತ್ತು ಕೋಟಿ ಬೈಟಿನ ಒಂದು ವೀಡಿಯೊ ಪಾಠ, ಬೆರಳಚ್ಚಿನ ಇಪ್ಪತ್ತು ಸಾವಿರ ಪುಟಗಳಿಗೆ ಸಮ. ಮನೆಮಂದಿಗೆಲ್ಲ ಒಂದೇ ಫೋನು ಇರುವ ವಿದ್ಯಾರ್ಥಿಯನ್ನು ನೆನೆದುಕೊಂಡರೆ ಈ ಲೆಕ್ಕ ಸುಮ್ಮನೆ ಮಾಡಿದ್ದಲ್ಲವೆಂದು ತಿಳಿದೀತು. ದನಿ ಬೇಕೇ ಬೇಕೆಂದರೆ ಹತ್ತು ನಿಮಿಷದ ಮಾತನ್ನು ಇಪ್ಪತ್ತನಾಲ್ಕು ಲಕ್ಷ ಬೈಟಿನೊಳಗೆ ಅಡಕಬಹುದು. ಪಾಠಕ್ಕೆ ಆ ಗುಣಮಟ್ಟ ಧಾರಾಳವಾಗಿ ಸಾಕು.

ಎರಡನೆಯದು ಅಕ್ಷರ. ನಮ್ಮ ಅಧ್ಯಾಪಕರಲ್ಲಿ ಅನೇಕರ ಹಳೆಯ ಟಿಪ್ಪಣಿಗಳು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಕಚೇರಿಯ ಗಣಕದಲ್ಲಿ ಅವು ಮುದ್ದಾದ ಕನ್ನಡ. ವಿದ್ಯಾರ್ಥಿಯ ಫೋನಿನಲ್ಲಿ ಲ್ಯಾಟಿನ್ ಲಿಪಿಯ ಕಲಸುಮೇಲೋಗರ. ಏಕೆಂದರೆ ಹಳೆಯ ಕಡತದಲ್ಲಿ ಇರುವುದು ಇಂಗ್ಲಿಷಿನ ಸಂಕೇತಗಳೇ, ಅವುಗಳ ಮೇಲೆ ಕನ್ನಡದ ಮುಖವಾಡ ಹೊದಿಸಿರುತ್ತಾರೆ. ಯುನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಏರಿಸಬೇಕು. ಪರಿವರ್ತಿಸಿದ ಮೇಲೆ ಒಮ್ಮೆ ಓದಿ ನೋಡಬೇಕು. ಒತ್ತಕ್ಷರಗಳೂ ಅರ್ಕಾವತ್ತುಗಳೂ ದಾರಿಯಲ್ಲಿ ಕಳೆದುಹೋಗುವ ಸಂಭವವುಂಟು. ಏರಿಸಿದ್ದನ್ನು ಸಾಧಾರಣ ಫೋನೊಂದರಲ್ಲಿ, ವಿದ್ಯಾರ್ಥಿ ನೋಡುವಂತೆಯೇ, ತೆರೆದು ನೋಡುವ ಅಭ್ಯಾಸವಿದ್ದರೆ ಈ ತೊಂದರೆಗಳಲ್ಲಿ ಬಹುಪಾಲು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಮೂರನೆಯದು ಯಂತ್ರದ ಮೌಲ್ಯಮಾಪನ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಯಂತ್ರ ತಾನೇ ಅಂಕ ಹಾಕುತ್ತದೆ. ‘ನೀರಿನಲ್ಲಿರುವ ಹಗುರವಾದ ಅನಿಲ ಯಾವುದು?’ ಎಂಬುದಕ್ಕೆ ಒಬ್ಬಳು ಹೈಡ್ರೋಜನ್ ಎಂದಳು, ಇನ್ನೊಬ್ಬ ಹೈಡ್ರೊಜನ್ ಎಂದ, ಮತ್ತೊಬ್ಬ ಜಲಜನಕ ಎಂದ. ಮೂರೂ ಸರಿ. ಆದರೆ ಅಧ್ಯಾಪಕರು ಒಂದನ್ನೇ ಸರಿಯುತ್ತರವೆಂದು ಬರೆದಿಟ್ಟಿದ್ದರೆ ಯಂತ್ರ ಉಳಿದ ಇಬ್ಬರಿಗೆ ಸೊನ್ನೆ ಕೊಡುತ್ತದೆ, ಅದೂ ಕ್ಷಣಾರ್ಧದಲ್ಲಿ, ಎಳ್ಳಷ್ಟೂ ಅನುಮಾನವಿಲ್ಲದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗನಿಗೆ ಕಾಲೇಜಿನ ಮೊದಲ ವಾರದಲ್ಲಿ ಬೀಳುವ ಇಂಥ ಸೊನ್ನೆ ಸಣ್ಣ ವಿಷಯವಲ್ಲ. ಕನ್ನಡದಲ್ಲಿ ಪ್ರಶ್ನೆ ಮಾಡುವವರು ಎಲ್ಲ ರೂಪಗಳನ್ನೂ ಮೊದಲೇ ಪಟ್ಟಿಮಾಡಿಡಬೇಕು. ಆಗದಿದ್ದರೆ ಉತ್ತರಗಳನ್ನು ತಾವೇ ಓದಬೇಕು.

ಲೆಕ್ಕದ ಪುಟದ ವಿಷಯವನ್ನೂ ಹೇಳಬೇಕು. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ನಿಮಿಷ ಇದ್ದರು ಎಂದು ಯಂತ್ರ ಸಾಲುಸಾಲಾಗಿ ಬರೆದಿಡುತ್ತದೆ. ರಾತ್ರಿ 9ಕ್ಕೆ ಪಾಠ ತೆರೆದು ನಲವತ್ತು ನಿಮಿಷ ಇದ್ದನೆಂದು ದಾಖಲೆ ಹೇಳಿದರೆ, ಪುಟ ನಲವತ್ತು ನಿಮಿಷ ತೆರೆದಿತ್ತೆಂದು ಮಾತ್ರ ಅರ್ಥ. ಹುಡುಗ ಆ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಇದ್ದಿರಬಹುದು. ಇನ್ನೊಬ್ಬಳು ಪಾಠವನ್ನು ಗೆಳತಿಯ ಫೋನಿನಲ್ಲಿ ಓದಿ ಚೆನ್ನಾಗಿ ಅರ್ಥಮಾಡಿಕೊಂಡಿರಬಹುದು. ದಾಖಲೆಯಲ್ಲಿ ಅವಳು ಗೈರುಹಾಜರಿ. ಈ ಅಂಕಿಗಳನ್ನು ಹಾಜರಿಯಂತೆ ಬಳಸುವುದು ಅನ್ಯಾಯ. ಒಂದು ಸದುಪಯೋಗ ಮಾತ್ರ ನಮಗೆ ತೋರುತ್ತದೆ: ಮೂರು ವಾರದಿಂದ ಒ೦ದು ಸಲವೂ ಬಾರದವರು ಯಾರೆಂದು ನೋಡಿ, ಅವರನ್ನು ಹತ್ತಿರ ಕರೆದು ಏನು ತೊಂದರೆಯೆಂದು ವಿಚಾರಿಸುವುದು.

ಮೇಲಿನವರ ಲೆಕ್ಕವೂ ಇದೇ ದಾರಿ ಹಿಡಿದಿದೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆ ಮಾಹಿತಿ ತಂತ್ರಜ್ಞಾನವನ್ನು ಬಳಸುವ ಅಧ್ಯಾಪಕರು ಎಷ್ಟು, ಗಣಕದ ಪಾಠಸಾಮಗ್ರಿ ಎಷ್ಟು ಎಂದು ಕೇಳುತ್ತ ಬಂದಿದೆ. ಕೇಳಿದ್ದು ಬೆಳೆಯುತ್ತದೆ, ಆದುದರಿಂದ ಕಪಾಟುಗಳು ಬೆಳೆದುವು. ಏರಿಸಿದ ಪಾಠಗಳ ಬದಲು, ವಿದ್ಯಾರ್ಥಿಗಳು ಕೇಳಿದ ಸಂದೇಹಗಳು ಎಷ್ಟು, ಅವುಗಳಲ್ಲಿ ಉತ್ತರ ಪಡೆದುವು ಎಷ್ಟು ಎಂದು ಕೇಳಿದರೆ ಚಿತ್ರವೇ ಬದಲಾದೀತು. ಹೊಸ ಅಧ್ಯಾಪಕರಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ‘ಗುರುದಕ್ಷತಾ’ ಎಂಬ ಒಂದು ತಿಂಗಳ ತರಬೇತಿಯನ್ನು ರೂಪಿಸಿದೆ. ಗುಂಡಿಗಳನ್ನು ಒತ್ತುವ ಕ್ರಮಕ್ಕೆ ಅದರಲ್ಲಿ ಅರ್ಧ ದಿನ ಸಾಕು. ಒಳ್ಳೆಯ ಪ್ರಶ್ನೆ ಮಾಡುವುದಕ್ಕೆ ಒಂದು ವಾರ ಕೊಟ್ಟರೂ ಹೆಚ್ಚಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ನಮ್ಮ ಮನಸ್ಸಿಗೆ ಹೆಚ್ಚಾಗಿ ಬೇಸರ ತರುವ ಸಂಗತಿ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು. ಅವರ ನೇಮಕ ವರ್ಷವರ್ಷದ್ದು. ಜುಲೈಯಲ್ಲಿ ಪುಟ ಕಟ್ಟಲು ತೊಡಗಿದವರು ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಭರವಸೆಯಿಲ್ಲ. ಅವರ ಗುಪ್ತಪದ ರದ್ದಾದರೆ, ವರ್ಷವೆಲ್ಲ ರಾತ್ರಿ ಕುಳಿತು ಮಾಡಿದ ಪ್ರಶ್ನೆಗಳೂ, ಅವಕ್ಕೆ ಮಕ್ಕಳು ಬರೆದ ಉತ್ತರಗಳಿಂದ ತಿಳಿದ ತಪ್ಪುಗಳ ಪಟ್ಟಿಯೂ ಅವರ ಕೈತಪ್ಪುತ್ತವೆ. ಅವರ ಜಾಗಕ್ಕೆ ಬಂದವರು ಮೊದಲಿನಿಂದ ತೊಡಗಬೇಕು. ಪಠ್ಯಕ್ರಮವೂ ನಿಂತ ನೀರಲ್ಲ: 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿಕ್ರಮ ಬಂದಿತು, 2024ರಲ್ಲಿ ರಾಜ್ಯ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಪಾಠದ ಕ್ರಮ ಬದಲಾಗುತ್ತದೆ, ಆದರೆ ತುಪ್ಪವೂ ಬೆಣ್ಣೆಯೂ ಒಂದೇ ಎಂದು ಭಾವಿಸುವ ವಿದ್ಯಾರ್ಥಿ ಪ್ರತಿ ವರ್ಷವೂ ಬರುತ್ತಾನೆ.

ಇದಕ್ಕೆ ಹಣದ ಖರ್ಚಿಲ್ಲದ ಉಪಾಯವುಂಟು. ಪ್ರತಿ ಕಾಲೇಜಿನಲ್ಲಿ ಪ್ರತಿಯೊಂದು ವಿಷಯಕ್ಕೂ ಪ್ರಶ್ನೆಗಳ ಒಂದು ಸಾಮಾನ್ಯ ಭಂಡಾರವಿರಲಿ. ಪ್ರಶ್ನೆಯನ್ನು ಮಾಡಿದವರು ಅತಿಥಿಯಾಗಲಿ ಖಾಯಂ ಆಗಲಿ ಅವರ ಹೆಸರು ಅದರ ಕೆಳಗೆ ಉಳಿಯಲಿ. ಬಿಟ್ಟು ಹೋಗುವವರಿಗೆ ತಾವು ಮಾಡಿದ್ದರ ಒಂದು ಪ್ರತಿಯನ್ನು ಕೊಂಡೊಯ್ಯುವ ಹಕ್ಕಿರಲಿ. ಮೂಡಲಿನಂಥ ವ್ಯವಸ್ಥೆಗಳಲ್ಲಿ ಇಡೀ ಪಾಠವನ್ನು ಒಂದೇ ಕಡತವಾಗಿ ಇಳಿಸಿಕೊಂಡು ಇನ್ನೊಂದು ಕಡೆ ಏರಿಸುವ ಸೌಕರ್ಯ ಹಿಂದಿನಿಂದಲೂ ಇದೆ. ಪ್ರಾಂಶುಪಾಲರು ಒಪ್ಪಿ ಒಂದು ಸುತ್ತೋಲೆ ಹೊರಡಿಸಿದರೆ, ಈ ವರ್ಷದ ಕೊನೆಯ ಕೆಲಸದ ದಿನದೊಳಗೆ ನೆಲಮಂಗಲದಲ್ಲಿಯೂ ಉಳಿದ ತಾಲ್ಲೂಕುಗಳಲ್ಲಿಯೂ ಇದನ್ನು ಮಾಡಿ ಮುಗಿಸಬಹುದು.